ವಿವಿಯನ್ ಲೀ ಭಾರತದಲ್ಲಿ ಹುಟ್ಟಿದವರೇ? ಅವರು ಚಿತ್ರರಂಗಕ್ಕೆ ಬಂದದ್ದು ಹೇಗೆ?
ಹೌದು, ಭಾರತದಲ್ಲೇ. ವಿವಿಯನ್ ಮೇರಿ ಹಾರ್ಟ್ಲಿ ಎಂಬ ಹೆಸರಿನ ಈಕೆ 1913ರ ನವೆಂಬರ್ 5ರಂದು ಡಾರ್ಜಿಲಿಂಗಿನಲ್ಲಿ ಜನಿಸಿದರು. ತಂದೆ ಅರ್ನೆಸ್ಟ್ ಹಾರ್ಟ್ಲಿ ಕಲ್ಕತ್ತೆಯಲ್ಲಿ ದಲ್ಲಾಳಿಯಾಗಿದ್ದರು; ಮೊದಲ ಮಹಾಯುದ್ಧದ ವೇಳೆ, 1917ರಲ್ಲಿ, ಅವರು ಅಶ್ವದಳದ ಅಧಿಕಾರಿಯಾಗಿ ಬೆಂಗಳೂರಿಗೆ ಬಂದಾಗ ತಾಯಿ ಮಗಳು ಊಟಿಯಲ್ಲಿ ಉಳಿದರು. ನಮ್ಮ ಕಡೆಯ ನಂಟು ಇಷ್ಟೇ.

ಆರು ವರ್ಷದ ಮಗುವನ್ನು ಇಂಗ್ಲೆಂಡಿನ ರೋಹ್ಯಾಂಪ್ಟನ್ನಿನ ಕಾನ್ವೆಂಟ್ ಶಾಲೆಗೆ ಸೇರಿಸಲಾಯಿತು. ತಾನು ದೊಡ್ಡ ನಟಿಯಾಗುವೆನೆಂದು ಅಲ್ಲಿ ಆಕೆ ಹೇಳಿಕೊಂಡದ್ದು ಸಹಪಾಠಿ ಮೌರೀನ್ ಓ'ಸಲಿವನ್ ಬಳಿ. ಮುಂದೆ ಆಕೆಯೂ ನಟಿಯಾದದ್ದು ಸ್ವಾರಸ್ಯಕರ. ನಂತರ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ನಾಟಕ ಕಲಿಯುತ್ತಿದ್ದಾಗಲೇ, 1932ರಲ್ಲಿ, ವಕೀಲ ಹರ್ಬರ್ಟ್ ಲೀ ಹೋಲ್ಮನ್ ಅವರನ್ನು ಮದುವೆಯಾದರು. ಮರುವರ್ಷ ಮಗಳು ಹುಟ್ಟಿದಳು. ಅವರ ಏಜೆಂಟ್ 'ಏಪ್ರಿಲ್ ಮಾರ್ನ್' ಎಂಬ ರಂಗನಾಮ ಸೂಚಿಸಿದಾಗ ಅದನ್ನು ಒಪ್ಪದೆ, ಗಂಡನ ನಡುಹೆಸರನ್ನೇ ತಮ್ಮದಾಗಿಸಿಕೊಂಡದ್ದು ಜಾಣತನವೆಂದೇ ನನ್ನೆಣಿಕೆ.

1935ರಲ್ಲಿ ಚಿತ್ರವೊಂದರಲ್ಲಿ ಸಣ್ಣ ಪಾತ್ರ ಮಾಡಿದರೂ, ಹೆಸರು ತಂದುಕೊಟ್ಟದ್ದು ಅದೇ ವರ್ಷದ 'ದಿ ಮಾಸ್ಕ್ ಆಫ್ ವರ್ಚ್ಯೂ' ನಾಟಕ; ಅದನ್ನು ನೋಡಿದ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಅವರೊಡನೆ ಚಿತ್ರಗಳಿಗೆ ಒಪ್ಪಂದ ಮಾಡಿಕೊಂಡರು. 1937ರಲ್ಲಿ ತೆರೆಕಂಡ 'ಫೈರ್ ಓವರ್ ಇಂಗ್ಲೆಂಡ್' ಚಿತ್ರದಲ್ಲಿ ಜೊತೆಗೆ ನಟಿಸಿದ ಲಾರೆನ್ಸ್ ಒಲಿವಿಯೆ 1940ರಲ್ಲಿ ಅವರ ಎರಡನೆಯ ಪತಿಯಾದರು. ಹಾಲಿವುಡ್‌ನಲ್ಲಿ ಬಹುಕಾಲ ನಡೆದ ಹುಡುಕಾಟದ ಕೊನೆಗೆ 'ಗಾನ್ ವಿತ್ ದ ವಿಂಡ್' ಚಿತ್ರದ ಸ್ಕಾರ್ಲೆಟ್ ಓ'ಹಾರಾ ಪಾತ್ರ ಈ ಇಂಗ್ಲಿಷ್ ನಟಿಯ ಪಾಲಾಯಿತು; 1939ರ ಆ ಅಭಿನಯಕ್ಕೆ ಅವರಿಗೆ ಮೊದಲ ಆಸ್ಕರ್ ಸಂದಿತು.