ಡಿ1ನ್ಯಾಗ ಇಲ್ಲ, ಡಿ2ನ್ಯಾಗ ಇಲ್ಲ ಅನ್ನೋ ವಾದ ಬಿಡ್ರಿ

ಮುಧೋಳದ ಅಣ್ಣಾರ, ನಿಮ್ಮ ಪೇಟೆಂಟ್ ಅರ್ಜಿ ಮ್ಯಾಲ ಬಂದ ಎಫ್‌ಇಆರ್‌ಗೆ (ಪೇಟೆಂಟ್ ಕಚೇರಿಯ ಮೊದಲ ಪರೀಕ್ಷಾ ವರದಿಗೆ) ಬರೆದ ಉತ್ತರದ ಕರಡು ಓದಿದೆ. ಕಬ್ಬಿನ ರವದಿ (ಒಣ ಗರಿ) ಪುಡಿ ಮಾಡೋ ಯಂತ್ರಕ್ಕ ಕೊಳೆಸೋ ದ್ರಾವಣದ ನಾಝಲ್ ಕೂಡಿಸೀರಿ. ಡಿ1, ಡಿ2 ಅಂದ್ರ ಪರೀಕ್ಷಕರು ನಿಮ್ಮ ಎದುರು ಇಟ್ಟ ಎರಡು ಹಳೇ ದಾಖಲೆ; "ಡಿ1ನ್ಯಾಗ ನಾಝಲ್ ಇಲ್ಲ, ಡಿ2ನ್ಯಾಗ ಬ್ಲೇಡ್ ಇಲ್ಲ" ಅಂತ ಪುಟಗಟ್ಟಲೆ ಬರದೀರಿ. ದಯವಿಟ್ಟು ಕಳಸಬ್ಯಾಡ್ರಿ. ನಮ್ಮ ಅರಿಶಿಣ ಯಂತ್ರದ ಅರ್ಜಿ ಇದೇ ವಾದದಿಂದ ಬಿತ್ತು. ಹೊಸಾದು ಹೌದೋ ಅಲ್ಲೋ ಅಂದಾಗ ಈ ಮಾತು ನಡೀತೈತಿ. ಇಲ್ಲಿ ಪರೀಕ್ಷಕರು ಕೇಳಿದ್ದು ಬ್ಯಾರೆ: ಎರಡನ್ನೂ ಬಲ್ಲ ಕಸುಬುದಾರಗ ಕೂಡಿಸೋದು ತಾನಾಗೇ ಹೊಳೀತಿತ್ತೋ ಇಲ್ಲೋ?

"ಕೂಡಿಸ್ರಿ ಅಂತ ಯಾವ ದಾಖಲೆಯೊಳಗೂ ಬರದಿಲ್ಲ" ಅನ್ನೋದೂ ಒಂದೇ ಆಧಾರ ಆಗಬಾರದು. ಅಮೆರಿಕದ ಸುಪ್ರೀಂ ಕೋರ್ಟ್ 2007ರ ಕೆಎಸ್ಆರ್ ತೀರ್ಪಿನ್ಯಾಗ, ಹೊಂದಿಸೋ ಪೆಡಲ್‌ಗೆ ಎಲೆಕ್ಟ್ರಾನಿಕ್ ಸೆನ್ಸರ್ ಕೂಡಿಸಿದ್ದನ್ನ ಸಹಜವಾಗಿ ಹೊಳೆಯುವಂಥದ್ದು ಅಂತಂದು ಬಿಡ್ತು. ನಮ್ಮ ಸುಪ್ರೀಂ ಕೋರ್ಟಿನ 1978ರ ಬಿಶ್ವನಾಥ್ ಪ್ರಸಾದ್ ತೀರ್ಪು ಓದ್ರಿ. ಪಾತ್ರೆಯನ್ನ ಲೇತ್ ಯಂತ್ರದಾಗ ಕಡೆಯುವಾಗ ಹಿಡಿದಿಡೋ ಸಾಧನದ ಪೇಟೆಂಟ್ ಅಲ್ಲಿ ಉಳೀಲಿಲ್ಲ. ಗೊತ್ತಿದ್ದ ಭಾಗಗಳನ್ನ ಬರೇ ಜೋಡಿಸಿದ್ರ ಸಾಲದು, ಅವು ಪರಸ್ಪರ ಕೂಡಿ ಕೆಲಸ ಮಾಡಿ ಹೊಸ ಇಲ್ಲವೇ ಸುಧಾರಿಸಿದ ಫಲ ಕೊಡಬೇಕು.

ನಾ ನಂಬಿದ ದಾರಿ ಒಂದೇ: ನಾಝಲ್ ಬಿಚ್ಚಿ ಯಂತ್ರ ಓಡಿಸ್ರಿ. ಆಮ್ಯಾಲ ಬರೇ ನಾಝಲ್. ಆಮ್ಯಾಲ ಎರಡೂ ಒಟ್ಟಿಗೆ. ಹೊಲ ಅದೇ, ದ್ರಾವಣ ಅಷ್ಟೇ, ರವದಿ ಒಂದೇ ಕೊಯ್ಲಿನದು ಇರಲಿ. ಮೊದಲು ಪುಡಿ ಮಾಡಿ ಆಮ್ಯಾಲ ಬ್ಯಾರೆ ಪಂಪಿನಿಂದ ಹೊಡೆದಷ್ಟೇ ಫಲ ಬಂದ್ರ ಪೇಟೆಂಟ್ ಕಾಯ್ದೆಯ 3(ಎಫ್) ಕಲಮು ನಿಮ್ಮ ಮ್ಯಾಲ ಬೀಳ್ತೈತಿ, ಯಾಕಂದ್ರ ಎರಡೂ ತಮ್ಮ ಪಾಡಿಗೆ ತಾವು ದುಡೀತಾವ. ಬ್ಲೇಡಿನ ಗಾಳಿಗೆ ಹನಿ ಡ್ರಮ್ಮಿನೊಳಗ ಸೆಳೆದು ಪುಡಿಯ ಎರಡೂ ಮಗ್ಗಲು ತೊಯ್ದು ಕಡಿಮಿ ದ್ರಾವಣ ಸಾಕಾತು ಅಂದ್ರ, ಅದು ಉತ್ತರ! ಅದನ್ನ ಅಳತಿ ಸಮೇತ ಬರೀರಿ. ಆದ್ರ ಯಾರಾದ್ರೂ ಮೊದಲೇ ಊಹಿಸಬಹುದಾದ ಲಾಭ ಇದ್ರ ಮತ್ತ ಅಲ್ಲೇ ಸಿಕ್ಕೊಳ್ತೀರಿ. ಮತ್ತ ಈ ಗಾಳಿಯ ಮಾತು ಅರ್ಜಿ ಜೊತೆ ಕೊಟ್ಟ ಮೂಲ ವಿವರಣೆಯೊಳಗ ಇರಲೇಬೇಕು, 59ನೇ ಕಲಮು ಹೊಸಾದನ್ನ ತುರುಕಾಕ ಬಿಡಂಗಿಲ್ಲ. ಪೇಟೆಂಟ್ ಏಜೆಂಟ್ರು ಬರೆದದ್ದನ್ನ ಓದದೇ ಸಹಿ ಹಾಕೋ ಚಟ ಬಿಡ್ರಪ್ಪಾ!

ಹಳೇ ಪೇಟೆಂಟ್ ಹುಡುಕಾಕ ನನಗ ಎಸ್ಪೇಸ್‌ನೆಟ್ (ಯುರೋಪಿನ ಪೇಟೆಂಟ್ ಕಚೇರಿಯ ಜಾಲತಾಣ) ಹಿಡಿಸೈತಿ, ಗೂಗಲ್ ಪೇಟೆಂಟ್ಸ್ ಆಮ್ಯಾಲ. "ರವದಿ ಕೊಳೆಸೋ ವಿಧಾನ" ಅಂತ ಕ್ಲೇಮ್ (ನಮ್ಮ ಹಕ್ಕು ಯಾವುದರ ಮ್ಯಾಲ ಅಂತ ಹೇಳೋ ಸಾಲು) ಬರೀಬ್ಯಾಡ್ರಿ, ಕೃಷಿ ವಿಧಾನಕ್ಕ 3(ಎಚ್) ಅಡ್ಡ ಐತಿ. ಯಂತ್ರದ ಮ್ಯಾಲೇ ಬರೀರಿ. ಉಳಿದ ಹುಡುಗರು ಅರ್ಜಿ ಹಾಕೋ ಮೊದಲು ಧಾರವಾಡದ ಕೃಷಿ ಮೇಳದಾಗ ಯಂತ್ರ ಇಡಬ್ಯಾಡ್ರಿ. ಅಣ್ಣಾರ, ಎಫ್‌ಇಆರ್ ಉತ್ತರಕ್ಕ 6 ತಿಂಗಳು ಐತಿ, ಆ ಗಡುವಿನೊಳಗ ಕೇಳ್ಕೊಂಡ್ರ ಇನ್ನ 3 ತಿಂಗಳು ಸಿಗ್ತೈತಿ. ಹಂಗಾಮು ಮುಗಿಯೋದ್ರೊಳಗ ಪ್ರಯೋಗ ಮುಗಿಸ್ರಿ, ಉತ್ತರದಾಗ ಹಿಯರಿಂಗ್ ಕೇಳೋದು ಮರೀಬ್ಯಾಡ್ರಿ.