ಮೈದಾನದ ಮಾತು: ಮ್ಯಾಚ್ ಆದ್ಮೇಲೆ ಎರಡು ಬಿಯರ್ ಕುಡಿದ್ರೆ ತಪ್ಪಾ?

ಪ್ರಶ್ನೆ: ಸಾರ್, ನನಗೆ 21 ವರ್ಷ, ಬೆಂಗಳೂರು ಫುಟ್‌ಬಾಲ್ ಲೀಗಲ್ಲಿ ಎ ಡಿವಿಷನ್ ಟೀಮಿಗೆ ವಿಂಗಲ್ಲಿ, ಅಂದ್ರೆ ಮೈದಾನದ ಅಂಚಲ್ಲಿ ಓಡೋ ಜಾಗದಲ್ಲಿ ಆಡ್ತೀನಿ. ಪ್ರತಿ ಮ್ಯಾಚ್ ಆದ್ಮೇಲೂ ಹುಡುಗ್ರೆಲ್ಲ ಸೇರಿ ಬಿಯರ್ ಕುಡಿಯೋದು ಮಾಮೂಲಿ, ನಾನೂ ಎರಡು ಬಾಟಲ್ ತಗೋತೀನಿ. ಕೋಚ್ ಬೈತಾರೆ. ಜಾರ್ಜ್ ಬೆಸ್ಟ್ ಕುಡಿದೂ ಅಷ್ಟು ದೊಡ್ಡ ಪ್ಲೇಯರ್ ಆಗ್ಲಿಲ್ವಾ?
– ಹೆಸರು ಬೇಡ, ಆಸ್ಟಿನ್ ಟೌನ್

ಉತ್ತರ: ತಮ್ಮಾ, ಬೆಸ್ಟ್ ಕಥೆ ಪೂರ್ತಿ ಕೇಳು. 1968ರಲ್ಲಿ ಅವನು ಆಡ್ತಿದ್ದ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ ಯುರೋಪಿಯನ್ ಕಪ್ ಗೆದ್ದಾಗ ಅವನಿಗೆ 22, ಅದೇ ವರ್ಷ ಯುರೋಪಿನ ಅತ್ಯುತ್ತಮ ಆಟಗಾರನಿಗೆ ಕೊಡೋ ಬ್ಯಾಲನ್ ಡಿ'ಓರ್ ಕೂಡ ಬಂತು. 1974ರ ಜನವರಿ 1ಕ್ಕೆ ಆ ಕ್ಲಬ್ಬಿಗೆ ಕೊನೇ ಮ್ಯಾಚ್ ಆಡ್ದಾಗ ಬರೀ 27, ಫಾರ್ವರ್ಡ್‌ಗೆ ಆಟ ಹದಕ್ಕೆ ಬರೋ ವಯಸ್ಸು ಕಣಪ್ಪ ಅದು. 2002ರಲ್ಲಿ ಲಿವರ್ ಬದಲಾಯಿಸಿದ್ರು, ಆಮೇಲೂ ಕುಡಿತ ಬಿಡೋಕಾಗ್ಲಿಲ್ಲ, 2005ರಲ್ಲಿ 59ಕ್ಕೇ ಹೋಗ್ಬಿಟ್ಟ.

ಎರಡು ಬಾಟಲ್ ಅಂದ್ರೆ 650 ಎಂಎಲ್‌ದೇ ಅಲ್ವಾ? 1300 ಎಂಎಲ್ ಆಯ್ತು, ಕಮ್ಮಿ ಏನಲ್ಲ. 90 ನಿಮಿಷ ಆಡಿದ್ರೆ ಹತ್ತು ಕಿಲೋಮೀಟರ್ ಹತ್ರ ಓಡಿರ್ತೀಯ, ತೊಡೆ ಮೀನಖಂಡದ ಸ್ನಾಯುಗಳಲ್ಲಿ ಕಣ್ಣಿಗೆ ಕಾಣದ ಸೀಳು ಬಿದ್ದಿರುತ್ತೆ, ಬೆವರಲ್ಲಿ ನೀರು ಉಪ್ಪು ಹೋಗಿರುತ್ತೆ, ಅದನ್ನೆಲ್ಲ ದೇಹ ರಿಪೇರಿ ಮಾಡ್ಕೊಳ್ಳೋದು ಆ ರಾತ್ರೀನೇ, ಆವಾಗ ನೀನು ಆಲ್ಕೋಹಾಲ್ ಹಾಕಿದ್ರೆ ಲಿವರ್ ಮೊದಲು ಅದನ್ನ ಖಾಲಿ ಮಾಡೋಕೆ ಕೂರುತ್ತೆ, ಸ್ನಾಯು ಕಟ್ಟೋ ಕೆಲಸ ನಿಧಾನ ಆಗುತ್ತೆ, ನಿದ್ದೆ ಬೇಗ ಬಂದ್ರೂ ಅರ್ಧರಾತ್ರಿ ಮೇಲೆ ಕೆಡುತ್ತೆ. ಒಂದಿನ ಕುಡಿದ್ರೆ ಕೆರಿಯರ್ ಹೋಗಲ್ಲ, ನಿಜ. ನೀನು ಹೇಳ್ತಿರೋದು ಪ್ರತಿ ಮ್ಯಾಚು.

ನಾನು ಕೋಚಿಂಗ್ ಮಾಡ್ತಿದ್ದಾಗ ಒಬ್ಬ ಹುಡುಗ ಇದ್ದ, ನಿನ್ನ ಥರಾನೇ ವಿಂಗರ್. ಬೆಳಿಗ್ಗೆ ಆರೂವರೆ ಪ್ರಾಕ್ಟೀಸಲ್ಲಿ ಮೊದಲ ಮೂರು ಸ್ಪ್ರಿಂಟ್ ಎಲ್ಲರಿಗಿಂತ ಮುಂದೆ, ನಾಲ್ಕನೇದಕ್ಕೆ ಬಗ್ಗಿ ಶೂ ಲೇಸ್ ಕಟ್ಟೋಕೆ ಕೂರ್ತಿದ್ದ. ಹತ್ರ ಹೋಗಿ ನೋಡಿದ್ರೆ ಲೇಸ್ ಬಿಚ್ಚಿರ್ತಾನೇ ಇರ್ಲಿಲ್ಲ. ಅಂಥ ಎಡಗಾಲು ಮತ್ತೆ ನಾನು ನೋಡಿಲ್ಲ, 24ಕ್ಕೆ ಆಟಾನೇ ಬಿಟ್ಟ. ಈಗ್ಲೂ ನೆನಸ್ಕೊಂಡ್ರೆ ಕರುಳು ಚುರ್ ಅನ್ನುತ್ತೆ.

ನಮ್ಮ ಬೆಂಗಳೂರು ಎಫ್‌ಸಿ ಸುನಿಲ್ ಛೇತ್ರಿನ ನೋಡು, 1984ರಲ್ಲಿ ಹುಟ್ಟಿದೋರು, 2024–25ರ ಇಂಡಿಯನ್ ಸೂಪರ್ ಲೀಗಲ್ಲಿ (ಐಎಸ್‌ಎಲ್) 40ನೇ ವಯಸ್ಸಲ್ಲಿ 14 ಗೋಲ್ ಹೊಡೆದ್ರು. ಕಂಠೀರವದಲ್ಲಿ ಮ್ಯಾಚ್ ಇದ್ದಾಗ ಬಾಲ್ ಬಿಟ್ಟು ಅವರೊಬ್ಬರನ್ನೇ ಹತ್ತು ನಿಮಿಷ ನೋಡ್ತಾ ಕೂತ್ಕೋ, ಆ ವಯಸ್ಸಲ್ಲಿ ಡಿಫೆಂಡರ್ ಹಿಂದೆ ಎಷ್ಟು ಸಲ ಓಡ್ತಾರೆ ಅಂತ ಎಣಿಸು.

ಫ್ರೆಂಡ್ಸ್ ಬಿಡು ಅಂತ ನಾನು ಹೇಳಲ್ಲ. ಅವರ ಜೊತೆನೇ ಕೂತ್ಕೊಂಡು ನಿಂಬೆಹಣ್ಣು ಸೋಡಾ ಉಪ್ಪು ಹಾಕ್ಸಿ ಕುಡಿ, ಮನೆಗೆ ಹೋಗಿ ಅನ್ನ, ಎರಡು ಮೊಟ್ಟೆ, ಮೊಸರು ತಿಂದು ಮಲ್ಕೋ. ಒಂದು ತಿಂಗಳು ಹೀಗೆ ಮಾಡು. ಬಿಡೋಕಾಗ್ತಿಲ್ಲ ಅನ್ಸಿದ್ರೆ ಮುಚ್ಚಿಡ್ಬೇಡ. ಲಂಡನ್ನಿನ ಆರ್ಸೆನಲ್ ಕ್ಲಬ್ಬಿನ ಕ್ಯಾಪ್ಟನ್ ಟೋನಿ ಆಡಮ್ಸ್ 1996ರಲ್ಲಿ ನಾನು ಕುಡಿತದ ದಾಸ ಅಂತ ಎಲ್ಲರೆದುರೇ ಒಪ್ಕೊಂಡ, ಕುಡಿತ ಬಿಟ್ಟ, 1998ರಲ್ಲಿ ಲೀಗು ಎಫ್‌ಎ ಕಪ್ ಎರಡೂ ಎತ್ತಿದ, 35ರವರೆಗೂ ಆಡ್ದ. ಅಂಥ ಸಹಾಯಕ್ಕೆ ನೀನು ಲಂಡನ್‌ಗೆ ಹೋಗ್ಬೇಕಿಲ್ಲ, ನಿಮ್ಹಾನ್ಸಲ್ಲಿ ಇದಕ್ಕೇ ಅಂತ ಬೇರೆ ವಿಭಾಗ ಇದೆ, ಆಸ್ಟಿನ್ ಟೌನಿಂದ ಆಟೋದಲ್ಲಿ ಹೋಗಿಬರೋಷ್ಟು ಹತ್ರ.