ಬೇವಿನ ತೊಗಟೆಯ ಮೇಲೆ ಸಿಕ್ಕ ಗಿಡ್ಡ ರೆಕ್ಕೆಯ ತಿಗಣೆಯನ್ನು ಹೊಸ ಪ್ರಭೇದವೆಂದು ವರ್ಣಿಸುವುದು ಹೇಗೆ?

ಬೂದುಗಂದು ಬಣ್ಣ, ಗಿಡ್ಡ ರೆಕ್ಕೆ, ನಾಲ್ಕು ಗಣ್ಣಿನ ಕುಡಿಮೀಸೆ ಎಂದು ನೀವು ಬರೆದಿರುವುದೆಲ್ಲ ನನ್ನ ಹಳೆಯ ಟಿಪ್ಪಣಿ ಪುಸ್ತಕದಲ್ಲಿಯೂ ಇದೆ. ನಾನೂ ಬೇವಿನ ಬುಡದಲ್ಲಿ ಅಂಥವನ್ನೇ ಹಿಡಿದು, ಆಲ್ಕೋಹಾಲ್‌ನಲ್ಲಿ ಹಾಕಿ, ಒಂದೊಂದು ಗಣ್ಣನ್ನೂ ಅಳೆದು ಪುಟಗಟ್ಟಲೆ ವರ್ಣನೆ ಬರೆದಿದ್ದೆ. ಮನಸ್ಸಿನಲ್ಲೇ ಹೆಸರಿಟ್ಟೂ ಆಗಿತ್ತು. ಅದನ್ನು ಓದಿದ ಕೀಟತಜ್ಞರೊಬ್ಬರು ಕೇಳಿದ್ದು ಇಷ್ಟೇ: "ತಲೆಯ ಮೇಲೆ ಎರಡು ಸರಳ ಕಣ್ಣುಗಳಿರಬೇಕಲ್ಲ, ಎಲ್ಲಿ?" ಅವು ಇರಲಿಲ್ಲ. ಇನ್ನೊಮ್ಮೆ ಪೊರೆ ಕಳಚಬೇಕಿದ್ದ ಅಪ್ಸರೆಯನ್ನು, ಅಂದರೆ ಮರಿಯನ್ನು, ನಾನು ಪ್ರೌಢ ಕೀಟವೆಂದು ವರ್ಣಿಸಿದ್ದೆ.

ಈ ಎಡವಟ್ಟನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನೀವೂ ಅಲ್ಲಿಗೇ ಹೊರಟಿದ್ದೀರಿ. ಪೆಂಟಟೋಮಿಡೇ ಕುಟುಂಬದ, ಅಂದರೆ ಗುರಾಣಿಯಾಕಾರದ ಮೈಯ, ತಿಗಣೆ ಐದು ಹಂತಗಳನ್ನು ಅಪ್ಸರೆಯಾಗಿ ಕಳೆಯುತ್ತದೆ. ಆಗ ಕುಡಿಮೀಸೆಗೆ ನಾಲ್ಕು ಗಣ್ಣು, ಪಾದಕ್ಕೆ ಎರಡು. ಪ್ರೌಢಾವಸ್ಥೆಯಲ್ಲಿ ಸಾಮಾನ್ಯವಾಗಿ ಐದು ಮತ್ತು ಮೂರು. ಗುರುತಿಸುವ ಕೀಲಿಗಳನ್ನು, ಅಂದರೆ ಒಂದೊಂದೇ ಲಕ್ಷಣ ನೋಡುತ್ತಾ ಹೆಸರಿಗೆ ತಲುಪಿಸುವ ಪಟ್ಟಿಗಳನ್ನು, ಪ್ರೌಢ ಕೀಟಕ್ಕಾಗಿ ಬರೆದಿರುತ್ತಾರೆ, ನಾನೋ ನಾಲ್ಕು ಎಂದು ಎಣಿಸಿ ಬೇರೆಯೇ ಕುಟುಂಬದ ದಾರಿ ಹಿಡಿದೆ. ಗಿಡ್ಡ ರೆಕ್ಕೆಯ ಪ್ರೌಢ ತಿಗಣೆಗಳು ನಿಜವಾಗಿಯೂ ಇರುವುದರಿಂದ ರೆಕ್ಕೆಯ ಮೊಗ್ಗನ್ನು, ಅಂದರೆ ಇನ್ನೂ ಬೆಳೆಯದ ರೆಕ್ಕೆಯನ್ನು, ನೋಡಿಯೂ ಅನುಮಾನ ಬರಲಿಲ್ಲ. ಸೂಜಿಯ ಮೊನೆಯಿಂದ ಎತ್ತಿ ನೋಡಿದ್ದರೆ ಸಾಕಿತ್ತು: ರೆಕ್ಕೆಯಾದರೆ ಬುಡದಲ್ಲಿ ಮಡಚಿ ಏಳುತ್ತದೆ, ಮೊಗ್ಗು ಎದೆಯ ಫಲಕಕ್ಕೇ ಬೆಸೆದುಕೊಂಡಿರುವುದರಿಂದ ಅಲುಗುವುದಿಲ್ಲ. ಬೆನ್ನಿನ ನಡುವೆ ಸಾಲಾಗಿದ್ದ ಕಪ್ಪು ಫಲಕಗಳನ್ನು "ವಿಶಿಷ್ಟ ವಿನ್ಯಾಸ" ಎಂದು ಬಣ್ಣಿಸಿದ್ದೆ. ಅವು ಅಪ್ಸರೆಯ ವಾಸನೆ ಗ್ರಂಥಿಗಳು ತೆರೆದುಕೊಳ್ಳುವ ಜಾಗಗಳು. ಇದೆಲ್ಲ ತಿಳಿಯುವ ಹೊತ್ತಿಗೆ ಮರದ ಮೇಲೆ ಒಂದೂ ಉಳಿದಿರಲಿಲ್ಲ, ಸೀಸೆಯಲ್ಲಿದ್ದವೆಲ್ಲ ಅಪ್ಸರೆಗಳೇ. ಮುಂದಿನ ವರ್ಷದವರೆಗೆ ಕಾಯಬೇಕಾಯಿತು.

ಆಗ ಜೀವಂತ ಅಪ್ಸರೆಗಳನ್ನು ಬೇವಿನ ಕೊಂಬೆಯೊಂದಿಗೆ, ಬಾಯಿಗೆ ತೆಳುಬಟ್ಟೆ ಕಟ್ಟಿದ ಬಾಟಲಿಯಲ್ಲಿ ಸಾಕಿದೆ. ಬೆನ್ನಿನ ಪೊರೆ ಸೀಳಿ ಹೊರಬಂದ ಕೀಟ ಮೊದಲು ಪೇಲವವಾಗಿತ್ತು, ಮೈ ಗಟ್ಟಿಯಾಗುತ್ತಾ ತೊಗಟೆಯ ಬಣ್ಣಕ್ಕೆ ತಿರುಗಿತು. ಉದ್ದ ತಲೆ, ಎದೆಯ ಮುಂಬದಿಯ ಅಂಚಿನಲ್ಲಿ ಗರಗಸದ ಹಲ್ಲು: ಅದು ಕೀಟಶಾಸ್ತ್ರಜ್ಞ ಫ್ಯಾಬ್ರಿಸಿಯಸ್ 1803ರಲ್ಲೇ ಹೆಸರಿಸಿದ ಹ್ಯಾಲಿಸ್ ಕುಲದ್ದು, ನಮ್ಮ ಕಡೆ ಮರದ ಬೊಡ್ಡೆಗಳ ಮೇಲೆ ಸಾಮಾನ್ಯವಾಗಿ ಕಾಣುವಂಥದ್ದು.

ಆದ್ದರಿಂದ "ಹೊಸ ಪ್ರಭೇದ" ಎಂಬ ಮಾತನ್ನೇ ಸದ್ಯಕ್ಕೆ ಬದಿಗಿಡಿ. ನಿಮ್ಮ ಕೀಟ ಅಂತರ್ಜಾಲದ ಚಿತ್ರಗಳಿಗೆ ಹೋಲದಿರುವುದು ಪುರಾವೆಯಲ್ಲ. ಅಲ್ಲಿರುವವು ಹೆಚ್ಚಾಗಿ ಪ್ರೌಢ ಕೀಟಗಳ ಚಿತ್ರಗಳು. ತೊಗಟೆಯ ತಿಗಣೆಗಳಲ್ಲಿ ಬಣ್ಣವನ್ನು ನಂಬಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹ್ಯಾಲಿಸ್ ಪ್ರಭೇದಗಳು ಹೊರನೋಟಕ್ಕೆ ಒಂದನ್ನೊಂದು ಎಷ್ಟು ಹೋಲುತ್ತವೆಂದರೆ, ಗಂಡಿನ ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡದೆ ತೀರ್ಮಾನಕ್ಕೆ ಬರಲಾಗದು. ಅಷ್ಟಾದ ಮೇಲೂ ಅದು ಹೊಸದೆಂದೇ ತೋರಿದರೆ, ಒಂದು ಮಾದರಿಯನ್ನು ಹೋಲೋಟೈಪ್ (ಆ ಹೆಸರಿಗೆ ಆಧಾರವಾಗುವ ಏಕೈಕ ಮಾದರಿ) ಎಂದು ಸ್ಪಷ್ಟವಾಗಿ ಗೊತ್ತುಪಡಿಸಿ ವರ್ಣನೆಯನ್ನು ಪ್ರಕಟಿಸಬೇಕು, ಮತ್ತು 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಮಾದರಿಯನ್ನು ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸಬೇಕು. ಅಪ್ಸರೆಗಳು ಪ್ರೌಢವಾದ ಮೇಲೆ ಹೆಣ್ಣುಗಳು ಮಾತ್ರ ಸಿಕ್ಕಿದರೆ, ಚೀಟಿಯಲ್ಲಿ ಕುಲದ ಹೆಸರು, ಮರ, ಸ್ಥಳ, ದಿನಾಂಕ ಬರೆದು ಅಷ್ಟಕ್ಕೇ ನಿಲ್ಲಿಸಿ.